ಜೋಮು, ಜೋಂಪು

ಗಂಡ ಸತ್ತು ನಾಲ್ಕು ತಿಂಗಳಾದರೂ ಸುನಂದಮ್ಮನಿಗೆ ಅಳು ಬಂದಿರಲಿಲ್ಲ. ಮೊದಮೊದಲು ಊರಿನವರು ಅದನ್ನೇ ಆಡಿಕೊಂಡರು. ಆಮೇಲೆ ಹೊಗೆಸೊಪ್ಪಿನ ಗ್ರೇಡಿಂಗ್ ಶುರುವಾಗಿ ಎಲ್ಲರ ಕೈಗೂ ಕೆಲಸ ಬಂತು, ಆಡಿಕೊಳ್ಳುವುದೂ ನಿಂತಿತು. ಅವಳು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದಳು, ಹಾಲು ಕರೆದು ಡೇರಿಗೆ ಕೊಡುತ್ತಿದ್ದಳು, ಎರಡು ಮುದ್ದೆ ತೊಳಸಿ ಒಂದನ್ನು ತಿನ್ನುತ್ತಿದ್ದಳು. ಎರಡು ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಒಂದೇ ಮುದ್ದೆಗೆ ಎಸರು ಎಷ್ಟಿಡಬೇಕೋ ಗೊತ್ತಿಲ್ಲ ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಊರು ಬಿಳಿಕೆರೆಯಿಂದ ಒಳಕ್ಕೆ ಎರಡು ಮೈಲಿ. ಬೇಯಿಸಿ ಒಣಗಿಸಿದ ಸೊಪ್ಪನ್ನು ಹೆಂಗಸರು ಶೆಡ್ಡಿನಲ್ಲಿ ಸಾಲಾಗಿ ಕೂತು ಬಣ್ಣ ನೋಡಿ ಬೇರೆ ಮಾಡುತ್ತಾರೆ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಕಂದು ಮಚ್ಚೆ ಬಿದ್ದದ್ದು ಇನ್ನೊಂದು ಕಡೆ. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆ ಅಂಟು ಮೆತ್ತಿ, ಮುಟ್ಟಿದ್ದು ಏನೆಂದು ಗೊತ್ತಾಗುತ್ತಿರಲಿಲ್ಲ. ಸುನಂದಮ್ಮನಿಗೆ ಅದು ಹಿಡಿಸಿತ್ತು.

ಪಕ್ಕದಲ್ಲಿ ಕೂರುವವಳು ಚಿಕ್ಕಬೀರಮ್ಮ. ಅರವತ್ತು ದಾಟಿದವಳು, ಬಾಯಿ ಮುಚ್ಚಿದರೆ ಕೈ ಓಡುವುದಿಲ್ಲ ಎನ್ನುವ ಜಾತಿ.

"ಅಲ್ಲ ಸುನಂದಿ, ನಿನ್ನ ಮಗಳು ಅದೇನು ಓದ್ತಾವಳೆ? ಡಾಕ್ಟ್ರಾಯ್ತಾಳೆ ಅಂತೀಯ, ಸೂಜಿ ಚುಚ್ಚು ಅಂದ್ರೆ ಬರಕಿಲ್ಲ ಅಂತಾಳೆ."

"ಮಾತಿನ ಡಾಕ್ಟ್ರು ಕಣಕ್ಕ."

"ಮಾತಿಗೇನು ರೋಗ ಬಡೀತು?" ಸಾಲಿನುದ್ದಕ್ಕೂ ನಗು. "ಓದ್ಸಲ ನನ್ನ ಮುಂದೆ ಕೂತ್ಕಂಡು, ಮಂಡಿ ನೋವಿಗೆ ಏನಂತೀಯ ಅಜ್ಜಿ ಅಂದ್ಲು. ಮಂಡಿ ನೋವು ಅಂತೀನಿ ಅಂದೆ. ಬೇರೆ ತರ ನೋವು ಬಂದ್ರೆ ಅಂದ್ಲು. ಬೇರೆ ತರ ಬೈತೀನಿ ಅಂದೆ. ಅದನ್ನೂ ಬರ್ಕಂಡ್ಲು ಕಣ್ರವ್ವ!"

ಮಗಳು ಅನುಶ್ರೀ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸರ್ಕಾರದ ಫೆಲೋಶಿಪ್ಪಿನಲ್ಲಿ ಅವಳ ಓದು, ಊಟ, ಬಸ್ಸು ಎಲ್ಲ ನಡೆಯುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಕೂಲಿ ಮಾಡುವವರು ಮೈಕೈ ಬಾಧೆಗೆ ಏನೇನು ಹೇಳುತ್ತಾರೆ ಎಂಬುದು ಅವಳ ವಿಷಯ. ಚಳುಕು, ಸೆಳೆತ, ನುಲಿತ, ಕುಟುಕು ಎಂದೆಲ್ಲ ಅವಳ ಪುಸ್ತಕಗಳು ತುಂಬಿದ್ದವು. ಹುಣಸೂರು ಪೇಟೆಯಲ್ಲಿ ಬೀಡಿ ಕಟ್ಟುವ ಮುನ್ನೀಬಿ ಕೈ ಮರಗಟ್ಟಿದರೆ 'ಸುನ್' ಆಯಿತು ಎನ್ನುತ್ತಾಳಂತೆ. ಕೋಟೆಯ ಕಡೆ ಕಾಡಂಚಿನ ಬುಡಕಟ್ಟು ಹಾಡಿಗಳಲ್ಲಿ ಒಬ್ಬೊಬ್ಬ ಮುದುಕಿ ಒಂದೊಂದು ಹೇಳುತ್ತಾಳಂತೆ, ಆ ಮುದುಕಿ ಹೋದರೆ ಆ ಮಾತೂ ಹೋಯಿತಂತೆ. ಇದನ್ನೆಲ್ಲ ಹೇಳುವಾಗ ಅನುಶ್ರೀಯ ಮುಖ ನೋಡಬೇಕು. ಹರಿದ ಸೀರೆಯಲ್ಲಿ ಅಂಚು ಮಾತ್ರ ಗಟ್ಟಿಯಾಗಿರುವುದನ್ನು ಕಂಡವಳ ಹಾಗೆ. ಸುನಂದಮ್ಮ ಅರ್ಥವಾದಷ್ಟಕ್ಕೆ ಹೂಂಗುಟ್ಟುತ್ತಿದ್ದಳು.

ಜನವರಿಯ ಮೊದಲ ಭಾನುವಾರ ಅನುಶ್ರೀ ಊರಿಗೆ ಬಂದಳು. ಜೊತೆಯಲ್ಲಿ ಅವಳ ಮೇಷ್ಟ್ರು ಪ್ರಭುಸ್ವಾಮಿ. ಸಣಕಲು ಮನುಷ್ಯ, ಕೂತರೂ ಎದ್ದು ಹೋಗುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಸುನಂದಮ್ಮ ಕಾಫಿ ಕೊಟ್ಟಳು.

"ತಾಯಿ, ವಿಷಯ ಹೀಗಿದೆ," ಎಂದರು ಅವರು. "ಯಾವ ಯಾವ ವಿಷಯ ಓದೋರಿಗೆ ಸರ್ಕಾರದ ದುಡ್ಡು ಕೊಡಬೇಕು, ಯಾವುದಕ್ಕೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡೋಕೆ ಒಂದು ಸಮಿತಿ ಆಗಿದೆ. ಜನರ ದುಡ್ಡು, ಜನರ ಮುಂದೇನೇ ಕೇಳ್ತೀವಿ ಅಂತ ತಾಲ್ಲೂಕುಗಳಿಗೆ ಬರ್ತಿದಾರೆ. ನಾಳೆ ಹುಣಸೂರು. ತೋಟಗಾರಿಕೆಯವರು ಬರ್ತಾರೆ, ಕಂಪ್ಯೂಟರಿನವರು ಬರ್ತಾರೆ, ಅವರು ನಾಲ್ಕು ಚಿತ್ರ ತೋರಿಸಿದರೆ ಮುಗೀತು. ನಾವು ತೋರಿಸೋದೇನು? ಪುಸ್ತಕದ ತುಂಬ ನೋವಿನ ಹೆಸರು."

"ಅದನ್ನೇ ತೋರಿಸ್ರಲ್ಲ," ಎಂದಳು ಸುನಂದಮ್ಮ.

ಪ್ರಭುಸ್ವಾಮಿ ನಕ್ಕರು. "ಅವರು ಒಂದೇ ಕೇಳೋದು ತಾಯಿ. ಇದರಿಂದ ಏನು ಉಪಯೋಗ? ಅದಕ್ಕೆ ಒಂದು ಘಟನೆ ಬೇಕು. ನಿಮ್ಮ ಮನೇಲೇ ಅಂಥದ್ದು ನಡೆದಿರುವಾಗ..." ಎಂದು ಮಾತು ನುಂಗಿಕೊಂಡು ಅನುಶ್ರೀಯ ಕಡೆ ನೋಡಿದರು.

ಅನುಶ್ರೀ ಪುಸ್ತಕದೊಳಗಿಂದ ಒಂದು ಚೀಟಿ ತೆಗೆದಳು. ಅಪ್ಪ ನಟರಾಜು ಸತ್ತ ದಿನ ಬೆಳಗ್ಗೆ ರಸ್ತೆ ಬದಿಯ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ಚೀಟಿ. ತೂಕಡಿಕೆ, ನಿದ್ದೆಗೇಡು, ವಿಶ್ರಾಂತಿ ಬೇಕು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆಮೇಲೆ ತಾನು ಟೈಪು ಮಾಡಿದ ಹಾಳೆ ಬಿಡಿಸಿ ನಿಧಾನವಾಗಿ ಓದಿದಳು.

"ನನ್ನ ತಂದೆ ಎಡಗೈ ಜೋಮು ಹಿಡಿದಿದೆ ಎಂದು ವೈದ್ಯರಿಗೆ ಹೇಳಿದರು. ಬೇರೆ ಸೀಮೆಯ ಯುವ ವೈದ್ಯರು ಅದನ್ನು ಜೋಂಪು ಎಂದು ಕೇಳಿಸಿಕೊಂಡರು. ಜೋಮು ಎಂದರೆ ಅಂಗ ಮರಗಟ್ಟುವುದು. ಜೋಂಪು ಎಂದರೆ ತೂಕಡಿಕೆ. ಹೃದಯಾಘಾತದ ಸೂಚನೆ ನಿದ್ದೆಯೆಂದು ದಾಖಲಾಯಿತು. ಅದೇ ಸಂಜೆ ತಂದೆ ತೀರಿಕೊಂಡರು. ಈ ಭಾಗದ ಮಾತುಗಳ ಒಂದು ಸಣ್ಣ ಕೋಶ ಆ ವೈದ್ಯರ ಮೇಜಿನ ಮೇಲಿದ್ದಿದ್ದರೆ ಅವರು ಉಳಿಯುತ್ತಿದ್ದರು."

ಓದಿ ಮುಗಿಸಿ ಅಮ್ಮನನ್ನು ನೋಡಿದಳು. ಅಪ್ಪನ ಹೆಣದ ಮುಂದೆ ಅಮ್ಮ ಇಡೀ ದಿನ ಆಡಿದ್ದು ಒಂದೇ ಮಾತು: ಜೋಮು ಅಂದ್ರು, ಜೋಮು ಅಂದ್ರು. ಯಾರಿಗೆ ಅಂದರು ಎಂದು ಅಮ್ಮ ಹೇಳಿರಲಿಲ್ಲ. ಮಗಳು ಆ ಮಾತನ್ನೂ ಈ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಳು. ಎರಡು ಮಾತುಗಳ ನಡುವಿನ ಕೂದಲೆಳೆಯನ್ನು ಹುಡುಕುವುದೇ ಅವಳ ಓದು. ಹುಡುಕಿದಳು, ಸಿಕ್ಕಿತು.

"ನೀವು ಬಂದು ಕೂತರೆ ಸಾಕು ತಾಯಿ," ಎಂದರು ಪ್ರಭುಸ್ವಾಮಿ. "ಕೇಳಿದರೆ, ಹೌದು, ಹಂಗೇ ಆಯ್ತು ಅನ್ನಿ. ಇದು ನಿಂತುಹೋದರೆ ಇವಳ ಮೂರು ವರ್ಷದ ಕೆಲಸ ನೀರಿಗೆ ಹೋದ ಹಾಗೆ. ನಮ್ಮ ವಿಭಾಗವೂ ಅಷ್ಟೆ."

"ಹೂಂ," ಎಂದಳು ಸುನಂದಮ್ಮ. ಲೋಟ ತೆಗೆದುಕೊಂಡು ಹೋಗಿ ತೊಳೆದಳು. ತೊಳೆದ ಲೋಟವನ್ನೇ ಇನ್ನೊಂದು ಸಲ ತೊಳೆದಳು.

ನಡೆದದ್ದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಮರೆಯಲೂ ಇಲ್ಲ, ನೆನೆಯಲೂ ಇಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯ ಹಾಗೆ ಅದು ಅಲ್ಲಿ ಸುಮ್ಮನೆ ಇತ್ತು.

ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತ ನಟರಾಜು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ. ಬೆಳಗ್ಗೆ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ಹುಡುಗ ಡಾಕ್ಟ್ರು. "ಏನಿಲ್ಲ ಸಾ, ಕೂತಲ್ಲೇ ಜೋಂಪು ಹತ್ತುತದೆ," ಎಂದ ನಟರಾಜು. ಜೋಂಪು ಎಂದೇ ಅಂದದ್ದು. ಸುನಂದಮ್ಮ ಪಕ್ಕದ ಸ್ಟೂಲಿನಲ್ಲಿದ್ದಳು. ಕೈ ನೋವಾ, ಎದೆ ನೋವಾ ಎಂದು ಹುಡುಗ ಕೇಳಿದ. ಇಲ್ಲ ಎಂದ ನಟರಾಜು, ಆಗ ಇರಲೂ ಇಲ್ಲ. "ನಾಲ್ಕು ದಿನ ನಿದ್ದೆ ಬಿಟ್ಟರೆ ಇನ್ನೇನಾಗುತ್ತೆ ಅಪ್ಪಾಜಿ, ಹೋಗಿ ಮಲಗಿ," ಎಂದ ಹುಡುಗ. ನಟರಾಜು ಮಲಗಲಿಲ್ಲ, ಅಷ್ಟೆ.

ಜೋಮು ಬಂದದ್ದು ಸಂಜೆ. ಅವಳು ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅವನು ಗೋಡೆಗೊರಗಿ ಕೂತು, "ಎಡಗೈ ಜೋಮು ಹಿಡಿದದೆ ಕಣೆ," ಎಂದ. ಅವಳಿಗೆ ಸ್ಪಷ್ಟವಾಗಿ ಕೇಳಿಸಿತು, ಸ್ಪಷ್ಟವಾಗಿ ಅರ್ಥವಾಯಿತು. ಸೊಪ್ಪಿನ ಕಾಲದಲ್ಲಿ ಜೋಮು ಹಿಡಿಯದ ಕೈ ಆ ಊರಿನಲ್ಲಿ ಯಾವುದಿದೆ? "ನಂದೂ ಹಿಡಿದದೆ. ಒದರ್ಕೊ, ಓಯ್ತದೆ," ಎಂದಳು.

ಮರುದಿನ ಹುಣಸೂರಿನ ಬಸ್ಸಿನಲ್ಲಿ ಅನುಶ್ರೀ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಒಂದು ಸಲ ತಲೆಯೆತ್ತಿ, "ಆ ಡಾಕ್ಟ್ರ ಹೆಸರು ಕೇಳಿದ್ರೂ ಕೇಳಬಹುದು ಅಮ್ಮ. ಚೀಟಿ ಮೇಲೆ ಸೀಲ್ ಇದೆ, ಅದನ್ನೇ ಕೊಟ್ಟುಬಿಡ್ತೀನಿ," ಎಂದಳು.

ಸುನಂದಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆ ಹುಡುಗನಿಗೂ ಎಲ್ಲೋ ಒಬ್ಬ ತಾಯಿ ಇರುತ್ತಾಳೆ. ಮಗ ಡಾಕ್ಟ್ರಾದ ಎಂದು ಬೀದಿಗೆಲ್ಲ ಹೇಳಿಕೊಂಡಿರುತ್ತಾಳೆ. ಅಷ್ಟು ಯೋಚನೆ ಬಂತು. ಅದರ ಹಿಂದೆ ದುಃಖವಾಗಲಿ ಭಯವಾಗಲಿ ಬರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎಂದು ಹೇಳುವ ದನಿಯಲ್ಲಿ ಅವಳು ಹೇಳಿದಳು:

"ಆ ಡಾಕ್ಟ್ರು ಸರಿಯಾಗೇ ಕೇಳಿಸ್ಕಂಡ್ರು ಕಣವ್ವ."

"ಏನು?"

"ನಿಮ್ಮಪ್ಪ ಜೋಂಪು ಅಂತಲೇ ಅಂದದ್ದು. ನಾನು ಪಕ್ಕದಲ್ಲೇ ಇದ್ದೆ."

ಅನುಶ್ರೀ ಅರ್ಥವಾಗದೆ ನಕ್ಕಳು. "ಮತ್ತೆ ಜೋಮು ಅಂದ್ರು ಅಂತಿದ್ದೆ?"

"ಅದು ಸಾಯಂಕಾಲ. ನನಗೆ ಅಂದದ್ದು."

"ನಿನಗಾ? ಮತ್ತೆ... ನಿನಗೆ ಅರ್ಥ ಆಗಲಿಲ್ವಾ?"

"ಆಯ್ತು," ಎಂದಳು ಸುನಂದಮ್ಮ. "ಅರ್ಥ ಆಯ್ತು. ಒದರ್ಕೊ ಅಂದೆ."

ಕಂಡಕ್ಟರ್ ಮುಂದಿನ ಬಾಗಿಲಿನಿಂದ ಯಾರ ಮೇಲೋ ಚಿಲ್ಲರೆಗಾಗಿ ಕೂಗಾಡುತ್ತಿದ್ದ. ಅನುಶ್ರೀ ಹಾಳೆಯನ್ನು ಮಡಚಿದಳು. ಮಡಚಿದ್ದನ್ನು ಮತ್ತೆ ಮಡಚಿದಳು. ಹುಣಸೂರು ಬರುವವರೆಗೂ ಅಮ್ಮನ ಕಡೆ ತಿರುಗಲಿಲ್ಲ. ಸುನಂದಮ್ಮ ಕಾದಳು. ಬೈದಿದ್ದರೆ ಕೇಳುತ್ತಿದ್ದಳು, ಅತ್ತಿದ್ದರೆ ತಲೆ ಸವರುತ್ತಿದ್ದಳು. ಮಗಳು ಎರಡನ್ನೂ ಮಾಡಲಿಲ್ಲ.

ಸಮಿತಿಯ ಸಭೆ ಒಂದು ಸಮುದಾಯ ಭವನದಲ್ಲಿತ್ತು. ವೇದಿಕೆಯ ಮೇಲೆ ಮೂವರು. ನಡುವೆ ಕೂತಿದ್ದ ಅಧ್ಯಕ್ಷೆಗೆ ಬಿಳಿಯ ಕೂದಲು, ದಣಿದ ಮುಖ. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ರೈತರು, ಅಂಗಡಿಯವರು, ಕಾಲೇಜಿನ ಹುಡುಗರು. ತೋಟಗಾರಿಕೆಯವರು ಶುಂಠಿ ಕೊಳೆ ರೋಗದ ಚಿತ್ರ ತೋರಿಸಿದಾಗ ಚಪ್ಪಾಳೆ ಬಿತ್ತು. ಕಂಪ್ಯೂಟರಿನವರಿಗೂ ಬಿತ್ತು. ಇತಿಹಾಸದವರ ಸರದಿ ಬಂದಾಗ ಅರ್ಧ ಜನ ಟೀ ಕುಡಿಯಲು ಎದ್ದುಹೋದರು.

ಅನುಶ್ರೀ ಎದ್ದು ನಿಂತು ತನ್ನ ಕೆಲಸ ಏನೆಂದು ಹೇಳಿದಳು. ಅಪ್ಪನ ವಿಷಯ ಎತ್ತಲಿಲ್ಲ. ಹೇಳಿ ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಶಶಿಕುಮಾರ್ ಹಿಂದಿನ ಸಾಲಿನಿಂದ ಕೂಗಿದ: "ಅಲ್ಲ ಕಣಮ್ಮ, ಸೊಂಟ ಹಿಡ್ಕತು ಅನ್ನಕ್ಕೆ ಪಿಎಚ್‌ಡಿ ಯಾಕೆ? ನಮ್ಮಜ್ಜಿನ ಕೇಳಿದ್ರೆ ಬಿಟ್ಟಿಯಾಗಿ ಹೇಳ್ತಾಳೆ!"

ಸಭೆ ನಕ್ಕಿತು. ಅನುಶ್ರೀಯೂ ಒಂಚೂರು ನಕ್ಕಳು. "ಅಡ್ರೆಸ್ ಕೊಡಿ ಸರ್, ಬರ್ತೀನಿ," ಎಂದಳು.

ಅಧ್ಯಕ್ಷೆ ಮುಂದಿದ್ದ ಕಡತ ತಿರುವಿದರು. "ನಿಮ್ಮ ಅರ್ಜಿಯ ಜೊತೆ ಒಂದು ಘಟನೆ ಲಗತ್ತಿಸಿದ್ದೀರಿ. ನಿಮ್ಮ ತಂದೆಯವರದು. ಅದನ್ನು ನೀವು ಹೇಳಲೇ ಇಲ್ಲ."

ಗೋಡೆಯ ಬಳಿ ನಿಂತಿದ್ದ ಪ್ರಭುಸ್ವಾಮಿ, ಹೇಳು ಹೇಳು ಎಂಬಂತೆ ಗದ್ದ ಆಡಿಸಿದರು. ಅನುಶ್ರೀ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅದು ತಪ್ಪು ಮೇಡಂ. ನಾನೇ ತಪ್ಪಾಗಿ ಜೋಡಿಸಿಬಿಟ್ಟೆ. ಡಾಕ್ಟ್ರು ಸರಿಯಾಗೇ ಕೇಳಿಸಿಕೊಂಡಿದ್ದರು."

"ಅಂದರೆ ನಿಮ್ಮ ಸಂಶೋಧನೆ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಅನ್ನೋದು?"

"ಉಳೀತಿರಲಿಲ್ಲ."

ಪ್ರಭುಸ್ವಾಮಿ ಕನ್ನಡಕ ತೆಗೆದು ಒರೆಸತೊಡಗಿದರು.

"ಹಾಗಾದರೆ ಉಪಯೋಗ ಅನ್ನೋ ಕಡೆ ನಾನೇನು ಬರೆದುಕೊಳ್ಳಲಿ?" ಅಧ್ಯಕ್ಷೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಏನು ಬರೆಯಬೇಕೆಂದು ಗೊತ್ತಾಗದೆ ಪೆನ್ನು ಹಿಡಿದುಕೊಂಡಿದ್ದರು.

"ಗೊತ್ತಿಲ್ಲ ಮೇಡಂ. ಜನ ಇದನ್ನ ಆಡ್ತಾರೆ. ಎಲ್ಲೂ ಬರೆದಿಲ್ಲ. ಅಷ್ಟೇ ನನಗೆ ಗೊತ್ತು."

ಆಗ ಸುನಂದಮ್ಮ ಎದ್ದು ನಿಂತಳು. ಏಳಬೇಕು ಅಂದುಕೊಂಡಿರಲಿಲ್ಲ. ಮಗಳು ಒಬ್ಬಳೇ ನಿಂತಿದ್ದಾಳೆ, ತಾನು ಕೂತಿದ್ದೇನೆ, ಅದು ಸರಿಯಲ್ಲ ಅನ್ನಿಸಿತು. ಯಾರೋ ಅವಳ ಕೈಗೆ ಮೈಕು ತುರುಕಿದರು.

"ನೀವು?"

"ಇವಳವ್ವ."

"ಹೇಳಿ."

ಏನು ಹೇಳುವುದು? ದಿನವೂ ಮುಟ್ಟುವುದು ಬಿಟ್ಟರೆ ಅವಳಿಗೆ ಬೇರೇನೂ ತೋಚಲಿಲ್ಲ. "ನಾನು ಸೊಪ್ಪು ಗ್ರೇಡ್ ಮಾಡೋಳು. ನಮ್ಮ ಸೊಪ್ಪು ಅರಾಜಿಗೆ ಓಯ್ತದೆ. ಕಂಪ್ನಿಯೋರು ಚೆನ್ನಾಗಿರೋದಕ್ಕೆ ಬೆಲೆ ಕೂಗ್ತಾರೆ. ಯಾರೂ ಕೂಗದೆ ಬುಟ್ರೆ ನೋ ಬಿಡ್ ಅಂತ ಚೀಟಿ ಅಂಟಿಸ್ತಾರೆ. ಅದನ್ನ ಮನೆಗೆ ವಾಪಸ್ ತರೋದು."

"ಗೊತ್ತು ಬುಡವ್ವ, ನಮ್ದೂ ವಾಪಸ್ ಬಂದದೆ!" ಎಂದ ಯಾರೋ.

"ಅದಕ್ಕೇನಮ್ಮ?" ಎಂದರು ಅಧ್ಯಕ್ಷೆ.

"ಕೊಳ್ಳೋರಿದ್ರೆ ಅವ್ರೇ ದುಡ್ಡು ಕೊಡ್ತಾರಲ್ಲ. ಶುಂಠಿಗೆ ಕೊಡ್ತಾರೆ, ಕಂಪ್ಯೂಟ್ರಿಗೆ ಕೊಡ್ತಾರೆ. ಇದಕ್ಕೆ ಯಾರೂ ಕೂಗಕಿಲ್ಲ. ನೀವೂ ಕೂಗ್ದೆ ಇದ್ರೆ..." ಮುಂದಿನದು ಬರಲಿಲ್ಲ. "ಮನೇಲೇ ಇದ್ದು ಪುಡಿಯಾಯ್ತದೆ," ಎಂದು ಹೇಳಿ ಕೂತುಬಿಟ್ಟಳು.

"ಪಿಎಚ್‌ಡಿ ಅವ್ವನಿಗೇ ಕೊಡಿ ಮೇಡಂ!" ಎಂದ ಶಶಿಕುಮಾರ್. ಈ ಸಲವೂ ಜನ ನಕ್ಕರು. ಅಧ್ಯಕ್ಷೆ ನಗಲಿಲ್ಲ, ಏನೋ ಬರೆದುಕೊಂಡರು. ಏನು ಬರೆದರೋ ಕೆಳಗಿನವರಿಗೆ ಕಾಣುವಂತಿರಲಿಲ್ಲ.

ಹೊರಗೆ ಪ್ರಭುಸ್ವಾಮಿ ಅನುಶ್ರೀಗೆ, "ನನಗಾದರೂ ಬೆಳಗ್ಗೆ ಹೇಳಬಾರದಿತ್ತೇನಮ್ಮ?" ಎಂದರು. ಹುಣಸೂರಿಗೆ ಬಸ್ಸು ಹತ್ತುವಾಗ ಅವಳಿಗೇ ಗೊತ್ತಿರಲಿಲ್ಲ. ಮೈಸೂರಿನ ಬಸ್ಸು ಬಂತು. ಅಮ್ಮನಿಗೆ ಬಿಳಿಕೆರೆಯಲ್ಲಿ ಇಳಿಯುವಂತೆ ಹೇಳಿ ಟಿಕೆಟ್ ತೆಗೆಸಿಕೊಟ್ಟು, ತಾನು ಮೇಷ್ಟ್ರ ಪಕ್ಕದಲ್ಲಿ ಹೋಗಿ ಕೂತಳು.

ಫೆಬ್ರವರಿ ಕಳೆಯುವ ಹೊತ್ತಿಗೆ ಆದೇಶ ಬಂತು. ಫೆಲೋಶಿಪ್ ಆರು ತಿಂಗಳು ಮಾತ್ರ ಮುಂದುವರಿಯುತ್ತದೆ. ವಿಷಯವನ್ನು ನಾಲ್ಕು ತಾಲ್ಲೂಕಿನಿಂದ ಎರಡಕ್ಕೆ ಇಳಿಸಬೇಕು. ಹುಣಸೂರು, ಪಿರಿಯಾಪಟ್ಟಣ ಇರಲಿ, ಉಳಿದೆರಡು ಬೇಡ. ಅನುಶ್ರೀ ಫೋನಿನಲ್ಲಿ ಇಷ್ಟನ್ನೇ ಹೇಳಿದಳು.

"ಕೋಟೆ ಕಡೆ ಮುದುಕಿಯರು?" ಎಂದಳು ಸುನಂದಮ್ಮ.

"ಬಿಡಬೇಕು."

"ಊಟ ಮಾಡ್ದಾ?"

"ಹೂಂ. ಇಡ್ತೀನಿ."

ಅಲ್ಲಿಂದಾಚೆಗೆ ಫೋನಿನ ಮಾತು ಅಷ್ಟೇ ಇತ್ತು. ಊಟ ಮಾಡ್ದಾ, ಹೂಂ, ಇಡ್ತೀನಿ. ಸುನಂದಮ್ಮ ದಿನವೂ ಅದೇ ಹೊತ್ತಿಗೆ ಫೋನು ಮಾಡುತ್ತಿದ್ದಳು. ಒಂದು ದಿನವೂ ಬೇಜಾರೆಂದು ಬಿಡಲಿಲ್ಲ.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಅನುಶ್ರೀ ತಾನಾಗಿ ಬಂದಳು. ಗ್ರೇಡಿಂಗ್ ಮುಗಿದಿತ್ತು, ಸುನಂದಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮಗಳು ಕೈಕಾಲು ತೊಳೆದು, ಉಂಡು, ಎದುರಿಗೆ ಬಂದು ಕೂತಳು. ಚೀಲದಿಂದ ರೆಕಾರ್ಡರ್ ತೆಗೆದು ಮೊರದ ಪಕ್ಕದಲ್ಲಿಟ್ಟಳು.

"ಎರಡೇ ತಾಲ್ಲೂಕು ಅಂದಮೇಲೆ ಒಂದೊಂದು ಊರಲ್ಲೂ ಜಾಸ್ತಿ ಜನ ಬೇಕು," ಎಂದಳು. "ಈ ಊರಲ್ಲಿ ನೀನೊಬ್ಬಳು ಉಳಿದಿದ್ದೀಯ."

"ನನ್ನ ಏನು ಕೇಳ್ತೀಯ?"

"ಎಲ್ಲರನ್ನೂ ಕೇಳೋದೇ." ಒತ್ತಿದಳು. ಸಣ್ಣ ಕೆಂಪು ದೀಪ ಹತ್ತಿತು. ಆಮೇಲೆ ಅವಳ ದನಿ ಬೇರೆಯಾಯಿತು, ನೋಟ ಪುಸ್ತಕದೊಳಕ್ಕೆ ಹೋಯಿತು. "ನಿಮ್ಮ ಹೆಸರು ಹೇಳಿ."

ಆ 'ನಿಮ್ಮ' ಕೇಳಿ ಸುನಂದಮ್ಮನ ಕೈ ಮೊರದ ಮೇಲೆ ನಿಂತಿತು. "ನಿಂಗೆ ಗೊತ್ತಿಲ್ವಾ?"

"ಹೇಳಬೇಕು ಅಮ್ಮ. ಎಲ್ಲರೂ ಹೇಳ್ತಾರೆ."

"ಸುನಂದಮ್ಮ."

"ವಯಸ್ಸು? ಕೆಲಸ?"

ಹೇಳಿದಳು.

"ಜೋಮು ಅಂದರೆ ಏನು? ನಿಮ್ಮ ಮಾತಲ್ಲಿ ಹೇಳಿ."

ಸುನಂದಮ್ಮ ಯೋಚಿಸಿದಳು. ಹಟ್ಟಿಯ ಹಿಂದೆ ಹಸು ಕೊರಳು ಅಲ್ಲಾಡಿಸಿದ ಸದ್ದು ಬಂತು.

"ಕೈ ಅಲ್ಲೇ ಇರ್ತದೆ. ಕಾಣ್ತದೆ. ನಂದು ಅನ್ಸಕಿಲ್ಲ. ಮುಟ್ಟಿದ್ರೆ ಇನ್ಯಾರ್ದೋ ಕೈ ಮುಟ್ಟಿದಂಗೆ."

"ಎಷ್ಟು ಹೊತ್ತು ಇರುತ್ತೆ?"

"ಒದರಿದ್ರೆ ಓಯ್ತದೆ." ಒಂದು ಕಾಳನ್ನು ಹೆಕ್ಕಿ ಎಸೆದಳು. "ಒಂದೊಂದ್ಸಲ ಓಗಕಿಲ್ಲ."

"ಹೋಗದೆ ಇದ್ದದ್ದನ್ನ ನೋಡಿದೀರಾ?"

"ನೋಡಿದೀನಿ."

"ಹೇಳಿ."

"ನನ್ನ ಯಜಮಾನ್ರು. ಬ್ಯಾರನ್ ಗೋಡೆಗೆ ಒರಗಿದ್ರು. ಎಡಗೈ ಜೋಮು ಹಿಡಿದದೆ ಅಂದ್ರು. ಒದರ್ಕೊ ಅಂದೆ. ಒದರ್ಕಂಡ್ರು, ಎರಡು ಸಲ. ಆಮೇಲೆ ಸುಮ್ಕಾದ್ರು. ಓಯ್ತೇನೋ ಅಂದ್ಕಂಡೆ. ನಾನು ಎಲೆ ಕಟ್ತಿದ್ದೆ, ಇನ್ನೂ ಎಂಟತ್ತು ಕಡ್ಡಿ ಇತ್ತು. ಮುಗಿಸ್ಕಂಡು ಏಳಣ ಅಂತ ಮುಗಿಸ್ದೆ."

ಅನುಶ್ರೀಯ ಪೆನ್ನು ನಿಂತಿರಲಿಲ್ಲ. ಅಕ್ಷರ ಮಾತ್ರ ಸಾಲು ಬಿಟ್ಟು ಕೆಳಗಿಳಿಯುತ್ತಿತ್ತು. "ಆಮೇಲೆ?" ಎಂದಳು.

"ಎದ್ದೆ. ಬಾಳೊತ್ತು ಕೂತಿದ್ನಲ್ಲ, ನನ್ನ ಕಾಲೂ ಜೋಮು ಹಿಡಿದಿತ್ತು. ನೆಲ ಊರಕ್ಕೆ ಆಗ್ಲಿಲ್ಲ. ಅದು ಬುಡೋವರ್ಗೂ ಅಲ್ಲೇ ನಿಂತಿದ್ದು, ಆಮೇಲೆ ಅವರತ್ರ ಓದೆ."